ಗಿಟಾರಿಗೊಂದು ಗೂಟ

ನಮ್ಮ ಮನೆಯಲ್ಲಿ ಐದು ಗಿಟಾರುಗಳಿವೆ. ನನಗೆ ನುಡಿಸಲು ಬರುವುದಿಲ್ಲ. ನನ್ನವಳಿಗೂ ಬರುವುದಿಲ್ಲ. ನುಡಿಸಬಲ್ಲ ಮಗ ಹೈದರಾಬಾದಿನಲ್ಲಿ ನೌಕರಿ ಮಾಡುತ್ತಾನೆ. ಅಲ್ಲಿ ಅವನದು ಒಂದೇ ಕೋಣೆಯ ಬಾಡಿಗೆ ಮನೆ. ಹೀಗಾಗಿ ಗಿಟಾರುಗಳ ಸಂಸಾರವೆಲ್ಲ ಬೀದರಿನಲ್ಲಿ ನಮ್ಮ ಹತ್ತಿರ. ಯಜಮಾನ ಮಾತ್ರ ಸುಮಾರು 140 ಕಿಲೋಮೀಟರ್ ಆಚೆ. ಮೊಮ್ಮಕ್ಕಳನ್ನು ಮುತ್ಯಾ-ಆಯಿಯ ಹತ್ತಿರ ಬಿಟ್ಟುಹೋದ ಹಾಗಾಯಿತು ಎಂದು ಇವಳು ಅನ್ನುವುದುಂಟು. ಆ ಮಾತಿಗೆ ಮುಂದಿನ ಭಾಗವೊಂದಿದೆ. ಅದು ಮಗನ ಮದುವೆಗೆ ಸಂಬಂಧಪಟ್ಟಿದ್ದು, ಇಲ್ಲಿ ಬೇಡ.

ಒಬ್ಬನಿಗೆ ಐದು ಗಿಟಾರು ಯಾಕೆ ಎಂದು ನಾನೂ ಕೇಳಿದ್ದೆ. 'ನಿಮ್ಮ ಅಡಿಗಿ ಮನ್ಯಾಗ ಒಂದೇ ಬೋಗುಣಿ ಅದಾ ಏನ್ ಪಪ್ಪಾ?' ಎಂದ. ಒಂದಕ್ಕೆ ನೈಲಾನ್ ತಂತಿ, ಅದರ ದನಿ ಮೆತ್ತಗೆ. ಅವನು ಕಲಿತದ್ದು ಅದರಲ್ಲಿ. ಎರಡಕ್ಕೆ ಉಕ್ಕಿನ ತಂತಿ. ಒಂದು ವಿದ್ಯುತ್ ಗಿಟಾರು, ಹೊಟ್ಟೆಯೇ ಇಲ್ಲದ್ದು. ಇನ್ನೊಂದು ಬೇಸ್ ಗಿಟಾರು, ನಾಲ್ಕೇ ತಂತಿ, ನಮ್ಮ ಊರಿನ ಗೌಡರ ಹಾಗೆ ಕಡಿಮೆ ಮಾತು, ದಪ್ಪ ದನಿ.

ಅವನಿಗೆ ಈ ರುಚಿ ಹತ್ತಿದ್ದು ಶಾಲೆಯ ಗೆಳೆಯನಿಂದ. ಬೀದರ ಜಿಲ್ಲೆಯಲ್ಲಿ ಮೆಥೋಡಿಸ್ಟ್ ಸಭೆಗಳು ಬಹಳ ಹಳೆಯವು. ಕ್ರಿಸ್‌ಮಸ್ ಹೊತ್ತಿಗೆ ಗೆಳೆಯನ ಓಣಿಯಲ್ಲಿ ಹಾಡುತ್ತ ಬಂದ ತಂಡದ ಜೊತೆ ನನ್ನ ಮಗನೂ ಚಳಿಯಲ್ಲಿ ಅರ್ಧ ರಾತ್ರಿ ತಿರುಗಿ ಬಂದ. ಮರುದಿನ ಗಿಟಾರು ಬೇಕೆಂದ. ವಿಜ್ಞಾನದ ಮಾಸ್ತರನಾದ ನಾನು ತಂತಿಯ ಕಂಪನದ ಬಗ್ಗೆ ಅರ್ಧ ತಾಸು ಪಾಠ ಹೇಳಿದೆನೇ ಹೊರತು ಗಿಟಾರು ಕೊಡಿಸಲಿಲ್ಲ. ಕೊಡಿಸಿದವಳು ಅವನ ಅವ್ವ. ಪಿಯುಸಿ ವರ್ಷ ಮೂರು ತಿಂಗಳು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದವನು ನಾನು.

ಇಷ್ಟಾದರೂ ಆ ಐದಕ್ಕೆ ಮನೆಯಲ್ಲಿ ಒಂದು ಕಾಯಂ ಜಾಗ ಇರಲಿಲ್ಲ. ಒಂದು ಬಾಗಿಲ ಹಿಂದೆ, ಒಂದು ಜೋಳದ ಡಬ್ಬಿಯ ಪಕ್ಕ, ಒಂದು ಕಪಾಟಿನ ಸಂದಿಯಲ್ಲಿ. ಅತಿಥಿಗಳು ಬಂದರೆ ಮಂಚದ ಮೇಲೆ, ಅವರು ಮಲಗುವ ಹೊತ್ತಿಗೆ ಮತ್ತೆ ಕೆಳಗೆ.

ಹೋದ ವರ್ಷ ದೀಪಾವಳಿಗೆ ಸುಣ್ಣ-ಬಣ್ಣ ಮಾಡಿಸುವಾಗ ಉಕ್ಕಿನ ತಂತಿಯದೊಂದನ್ನು ಎತ್ತಿ ಪಡಸಾಲೆಯ ಗೋಡೆಗೆ ಒರಗಿಸಿದೆ. ನಮ್ಮದು ಶಹಾಬಾದ ಕಲ್ಲಿನ ನೆಲ. ಮೂವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಾಗಿದೆ. ನಾನು ಬೆನ್ನು ತಿರುಗಿಸಿದ್ದೇ ತಡ, ಬುಡ ಜಾರಿತು. ಬಿದ್ದ ಸಪ್ಪಳಕ್ಕಿಂತ ಅದರ ಹಿಂದೆಯೇ ಬಂದ ಆರು ತಂತಿಗಳ ಒಟ್ಟು ನರಳಾಟ ಇನ್ನೂ ಕಿವಿಯಲ್ಲಿದೆ. ತಲೆ ಮತ್ತು ಕುತ್ತಿಗೆ ಕೂಡುವಲ್ಲಿ ಸೀಳಿತ್ತು.

ಗಿಟಾರು ಅಲ್ಲಿಯೇ ಮುರಿಯುವುದಕ್ಕೆ ಕಾರಣವಿದೆ. ಬಹಳಷ್ಟು ಗಿಟಾರುಗಳಲ್ಲಿ ತಲೆಯ ಭಾಗ ಹಿಂದಕ್ಕೆ ಬಾಗಿರುತ್ತದೆ. ಒಂದೇ ನೇರ ಮರದಲ್ಲಿ ಆ ಬಾಗು ಕಡೆದಾಗ ಮರದ ಎಳೆಗಳು ಅಲ್ಲಿ ಉದ್ದಕ್ಕೆ ಓಡದೆ ಅಡ್ಡಡ್ಡ ತುಂಡಾಗುತ್ತವೆ. ಮೇಲಾಗಿ, ಶ್ರುತಿ ಮಾಡಿದ ಆರು ಉಕ್ಕಿನ ತಂತಿಗಳ ಒಟ್ಟು ಸೆಳೆತ ಸುಮಾರು 70 ಕಿಲೋ. ಒಂದು ದೊಡ್ಡ ಆಳಿನ ಭಾರ! ಮೂಲೆಯಲ್ಲಿ ಸುಮ್ಮನೆ ನಿಂತಿದೆ ಎಂದು ನಾವು ತಿಳಿದ ವಾದ್ಯ ಹಗಲು-ರಾತ್ರಿ ಆ ಜಗ್ಗಾಟವನ್ನು ತಡೆದುಕೊಂಡೇ ನಿಂತಿರುತ್ತದೆ. ಎರಡೇ ಕಿಲೋ ತೂಗುವ ಬಡಜೀವ.

ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು. ಆ ದಿನ ಮಾಡಿದ್ದು ಮಗನಿಗೆ ಫೋನು. ಅವನು ಕೂಗಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇರ್ಲಿ ಬಿಡ್ರಿ ಪಪ್ಪಾ. ಅದಕ್ಕ ಅಲ್ಲಿ ಜಾಗಾನೇ ಇದ್ದಿದ್ದಿಲ್ಲ' ಎಂದ.

ಬೈದಿದ್ದರೆ ಮರೆತುಬಿಡುತ್ತಿದ್ದೆ. ಈ ಮಾತು ಮರೆಯಲಿಲ್ಲ. ಅದು ಗಿಟಾರಿನ ಬಗ್ಗೆ ಮಾತ್ರ ಹೇಳಿದ್ದೇ ಎಂದು ಎರಡು ರಾತ್ರಿ ಯೋಚಿಸಿದೆ.

ಮೂರನೆಯ ರಾತ್ರಿ ಅಪ್ಪ ನೆನಪಾದರು.

ಔರಾದ ತಾಲೂಕಿನ ನಮ್ಮ ಹಳ್ಳಿಯ ಮನೆ ಕಲ್ಲು-ಮಣ್ಣಿನ ದಪ್ಪ ಗೋಡೆಯದು, ಮೇಲೆ ಮಣ್ಣಿನ ಮಾಳಿಗೆ, ಒಳಗೆ ಸಾಗವಾನಿಯ ಕಂಬ. ಪಡಸಾಲೆಯ ಗೋಡೆಯಲ್ಲಿ ಒಂದು ಗಿಳಿಗೂಟವಿತ್ತು. ಅಪ್ಪನ ಏಕತಾರಿ ಅಲ್ಲಿ. ರಾತ್ರಿ ಭಜನೆ, ತತ್ವಪದ ಮುಗಿಸಿ ಎಷ್ಟೇ ಹೊತ್ತಾಗಿ ಬರಲಿ, ಮೊದಲು ಏಕತಾರಿ ಗೂಟಕ್ಕೆ, ಆಮೇಲೆ ರುಮಾಲು ತೆಗೆಯುವುದು. ನೆಲಕ್ಕಿಟ್ಟದ್ದನ್ನು ನಾವು ನೋಡಿಲ್ಲ. ಆ ಗೂಟಕ್ಕೆ ಅಂಗಿ ಸಿಕ್ಕಿಸಿದ್ದಕ್ಕೆ ನನಗೊಮ್ಮೆ ಏಟು ಬಿದ್ದಿತ್ತು.

1993ರ ಸೆಪ್ಟೆಂಬರ್ 30ರ ನಸುಕು ನಮ್ಮ ಭಾಗದವರಿಗೆ ಮರೆಯುವಂಥದಲ್ಲ. ಹಿಂದಿನ ದಿನ ಗಣಪತಿ ಕಳಿಸಿ ಊರೆಲ್ಲ ದಣಿದು ಮಲಗಿತ್ತು. ನಾಲ್ಕು ಗಂಟೆಗೆ ಕೆಲವೇ ನಿಮಿಷ ಇರುವಾಗ ನೆಲ ನಡುಗಿತು. ನಮ್ಮ ಗಡಿಯಾಚೆ ಲಾತೂರ ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸಾವಿರಾರು ಜನ ಇಂಥವೇ ಕಲ್ಲು-ಮಣ್ಣಿನ ಮನೆಗಳಡಿಯಲ್ಲಿ ಸತ್ತರೆಂದು ಗೊತ್ತಾದದ್ದು ಬೆಳಗಾದ ಮೇಲೆ. ನಾನು ಆಗ ಭಾಲ್ಕಿಯಲ್ಲಿ ನೌಕರಿ; ಹಬ್ಬಕ್ಕೆಂದು ಊರಿಗೆ ಬಂದಿದ್ದೆ. ಕರೆಂಟಿಲ್ಲ, ಮಾಳಿಗೆಯ ಮಣ್ಣು ಉದುರುತ್ತಿದೆ. ಅವ್ವನ ಕೈ ಹಿಡಿದು ಅಂಗಳಕ್ಕೆ ಓಡಿದೆವು. ನಮ್ಮ ಹಿಂದೆಯೇ ಅಪ್ಪ ಬಂದರು. ಕೈಯಲ್ಲಿ ಏಕತಾರಿ.

'ಜೀವಕ್ಕಿಂತ ಇದು ಹೆಚ್ಚಾಯಿತೇ' ಎಂದು ಅವ್ವ ಬೈದಳು. ಅಪ್ಪ ತಣ್ಣಗೆ, 'ಹುಡುಕಲಿಲ್ಲಲ್ಲಾ. ಕೈ ಚಾಚಿದೆ, ಸಿಕ್ಕಿತು' ಎಂದರು.

ಆ ಮಾತಿನ ಅರ್ಥ ನನಗೆ ಹೊಳೆಯಲು ಮೂವತ್ತು ವರ್ಷ ಬೇಕಾಯಿತು. ಜಾಗ ಎಂದರೆ ಇಡಲು ಸಿಗುವ ನಾಲ್ಕು ಚದರಡಿ ಅಲ್ಲ. ಕತ್ತಲಲ್ಲಿಯೂ ಕೈಗೆ ಗೊತ್ತಿರುವ ನೆಲೆ. ಅಪ್ಪ ತೀರಿಕೊಂಡ ಮೇಲೆ ಆ ಏಕತಾರಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದವನೂ ನಾನೇ ಎನ್ನುವುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಗಿಟಾರುಗಳಿಗೆ ಒಂದು ಸ್ಟ್ಯಾಂಡು ಮಾಡುವುದೆಂದು ನಿಶ್ಚಯಿಸಿದೆ. ಪೇಟೆಯಲ್ಲಿ ಕಬ್ಬಿಣದ್ದು ಸಿಗುತ್ತದೆ, ತರಿಸಿಕೊಳ್ಳಬಹುದಿತ್ತು. ಆದರೆ ತಪ್ಪು ನನ್ನದು. ಬೆವರೂ ನನ್ನದೇ ಇರಲಿ ಎನಿಸಿತು. ಮರವಂತೂ ಇತ್ತು. ಬಿರುಕು ಬಿಟ್ಟಿದ್ದ ಹಳ್ಳಿಯ ಮನೆಯನ್ನು ಕಡೆಗೆ ಅಣ್ಣ-ತಮ್ಮಂದಿರು ಕೂಡಿ ಇಳಿಸಿದಾಗ ನನ್ನ ಪಾಲಿಗೆ ಬಂದದ್ದು ಒಂದು ಬಾಗಿಲ ಚೌಕಟ್ಟು, ಎರಡು ತೊಲೆ, ಆ ಗಿಳಿಗೂಟ. ಮಾಳಿಗೆಯ ಮೇಲೆ ತಾಡಪತ್ರಿಯಡಿ ಬಿದ್ದಿದ್ದವು. ಹಳೆಯ ಸಾಗವಾನಿ, ಬಾಗುವುದು, ಸೊಟ್ಟಾಗುವುದು ಇದ್ದರೆ ಯಾವಾಗಲೋ ಆಗಿಹೋಗಿರುತ್ತಿತ್ತು.

ಮೊದಲ ದಿನವೇ ಕರಗಸದ ಹಲ್ಲು ಮುರಿದೆ. ಚೌಕಟ್ಟಿನೊಳಗೆ ಕುಲುಮೆಯಲ್ಲಿ ಬಡಿದು ಮಾಡಿದ ಹಳೆಯ ಮೊಳೆಗಳು ಹುದುಗಿದ್ದವು. ಶಾಲೆಯ ನೆನಪಿಗೆ ಇಟ್ಟುಕೊಂಡಿದ್ದ ಲಾಳಾಕಾರದ ಅಯಸ್ಕಾಂತವನ್ನು ಮರದ ಮೇಲೆ ಎಳೆದು ಮೊಳೆ ಹುಡುಕಿದೆ. ಹನ್ನೊಂದು ಸಿಕ್ಕವು. ಸೇವೆಯಿಂದ ನಿವೃತ್ತನಾದ ಮೇಲೆ ವಿಜ್ಞಾನ ಕೆಲಸಕ್ಕೆ ಬಂದದ್ದು ಇದೇ ಮೊದಲು.

ವಿನ್ಯಾಸ ಸರಳ. ಪುಸ್ತಕಗಳನ್ನು ಜೋಡಿಸಿದ ಹಾಗೆ ಗಿಟಾರುಗಳನ್ನು ಪಕ್ಕಕ್ಕೆ ಮುಖ ಮಾಡಿ ಒಂದರ ಪಕ್ಕ ಒಂದು ನಿಲ್ಲಿಸುವುದು. ಬುಡ ಕೆಳಗಿನ ಎರಡು ಉದ್ದ ಪಟ್ಟಿಗಳ ಮೇಲೆ ಕೂರಬೇಕು. ಬುಡದ ನಡುವಿನಲ್ಲಿ ಪಟ್ಟಾ ಸಿಕ್ಕಿಸುವ ಗುಂಡಿ ಇರುತ್ತದೆ. ಅದು ಎರಡು ಪಟ್ಟಿಗಳ ನಡುವೆ ಬಯಲಲ್ಲಿ ಬರಬೇಕು. ಕುತ್ತಿಗೆ ಹಿಂದಿನ ಮೇಲಿನ ಹಲಗೆಯಲ್ಲಿ ಕೊರೆದ ಕಚ್ಚಿನೊಳಗೆ ಸ್ವಲ್ಪ ಹಿಂದಕ್ಕೆ ಒರಗಬೇಕು. ಇವಳ ಹೊಲಿಗೆ ಟೇಪು ಹಿಡಿದು ಅಳೆದೆ. ನಾಲ್ಕು ಇಂಚಿಗೊಂದರಂತೆ ಐದು ಕಚ್ಚು ಕೊರೆದು, ಸ್ಕ್ರೂ ಬಿಗಿದು, ಮಡದಿಯನ್ನು ಕರೆದು ತೋರಿಸಿದೆ.

ನಾನು ಅಳೆದದ್ದು ವಿದ್ಯುತ್ ಗಿಟಾರನ್ನು. ಅದರ ದಪ್ಪ ಎರಡು ಇಂಚಿಲ್ಲ. ಹೊಟ್ಟೆಯಿರುವ ಗಿಟಾರಿನ ದಪ್ಪ ನಾಲ್ಕೂವರೆಯಿಂದ ಐದು ಇಂಚು! ಎರಡನೆಯದನ್ನು ಇಡಲು ಹೋದರೆ ಮೊದಲನೆಯದು 'ಸರಿ ಆಕಡೆ' ಎಂದು ನೂಕಿತು. ಸಾಲದ್ದಕ್ಕೆ ಇಡೀ ಸ್ಟ್ಯಾಂಡು ಹಿಂದಕ್ಕೆ ವಾಲಿತು. ಇವಳು ಏನೂ ಅನ್ನಲಿಲ್ಲ. ಚಹಾ ತಂದುಕೊಟ್ಟಳು. ಅದು ಅನ್ನುವುದಕ್ಕಿಂತ ಕಷ್ಟ.

ಓಣಿಯ ಕೊನೆಯ ಬಡಿಗೇರ ಕಾಕಾನನ್ನು ಕರೆತಂದೆ. ಎಂಬತ್ತರ ಹತ್ತಿರದ ವಯಸ್ಸು. ಬೀದರ ಕೋಟೆಯೊಳಗಿನ ರಂಗೀನ್ ಮಹಲಿನ ಕೆತ್ತನೆಯ ಮರದ ಕಂಬಗಳನ್ನು ನೋಡಿ ನೋಡಿ ದೊಡ್ಡವನಾದೆ ಎಂದು ಹೇಳಿಕೊಳ್ಳುವವನು. ನನ್ನ ಕೆಲಸದ ಸುತ್ತ ಒಂದು ಸುತ್ತು ಬಂದ. 'ಮಾಸ್ತರ್ರೇ, ಹಲಗಿ ತಿರುವಿ ಹಾಕ್ರಿ. ಇನ್ನೊಂದು ಅಂಚು ಅದಾ ಅಲ್ಲಾ' ಎಂದ. ಆಮೇಲೆ ಬುಡ ನೋಡಿ, 'ಹಿಂದಕ್ಕ ಒರಗಿ ಕುಂದ್ರವನಿಗಿ ಹಿಂದ ಆಸರಾ ಬೇಕ್ರಿ. ನೀವು ಮುಂದ ಕಾಲ ಇಟ್ಟೀರಿ' ಎಂದ. ಎರಡೇ ಮಾತಿನಲ್ಲಿ ಗುರುತ್ವ ಕೇಂದ್ರದ ಪಾಠ ಮುಗಿಯಿತು. ನಾನಾದರೆ ಅದಕ್ಕೆ ಎರಡು ಪಿರಿಯಡ್ ತೆಗೆದುಕೊಳ್ಳುತ್ತಿದ್ದೆ.

ಹಲಗೆ ತಿರುವಿ ಏಳು ಇಂಚಿಗೊಂದು ಕಚ್ಚು ಕೊರೆದೆ. ಪ್ರತಿ ಕಚ್ಚು ಎರಡೂವರೆ ಇಂಚು ಅಗಲ. ಹಿಂದಿನ ಪಾದಗಳನ್ನು ಐದು ಇಂಚು ಉದ್ದ ಮಾಡಿದೆ. ಸ್ಕ್ರೂ ನಂಬದ ಕಾಕಾ ಮೂಲೆಗಳಲ್ಲಿ ಒಂದು ಪಟ್ಟಿಯ ತುದಿಯನ್ನು ನಾಲಿಗೆಯಂತೆ ಸೆಳೆದು ಇನ್ನೊಂದರ ತೂತಿಗೆ ಕೂಡಿಸುವುದನ್ನು ಕಲಿಸಿದ. ಮೂರು ಹಾಳಾದವು, ನಾಲ್ಕನೆಯದು ಕೂತಿತು. ತಪ್ಪಾಗಿ ಕೊರೆದ ಕಚ್ಚುಗಳು ಹಲಗೆಯ ಕೆಳ ಅಂಚಿನಲ್ಲಿ ಇನ್ನೂ ಇವೆ, ನನ್ನ ಪ್ರಗತಿಪತ್ರದ ಹಾಗೆ.

ಮರ ತಾಗುವಲ್ಲೆಲ್ಲ ಮೆತ್ತನೆಯದೇನಾದರೂ ಬೇಕು. ರಬ್ಬರು, ಪ್ಲಾಸ್ಟಿಕ್ಕು ಹಾಕಿದರೆ ಕೆಲವು ಬಗೆಯ ಹಳೆಯ ಪಾಲಿಶ್ ಕರಗಿ ಕಲೆ ಬೀಳುತ್ತದೆ. ಅಪ್ಪನ ಹರಿದ ಕಂಬಳಿಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಸುತ್ತಿದೆ. ಅದರ ಮೇಲೆ ಇವಳ ಹಳೆಯ ನೂಲಿನ ಸೀರೆ. ಸ್ಟ್ಯಾಂಡನ್ನು ಇಟ್ಟದ್ದು ಒಳಗೋಡೆಗೆ, ಕಿಟಕಿಯಿಂದ ದೂರ. ಗಿಟಾರಿಗೆ ಹಿತವಾದ ತೇವಾಂಶ ನೂರಕ್ಕೆ 45ರಿಂದ 55. ನಮ್ಮಲ್ಲಿ ಬೇಸಿಗೆಗೆ ಪಾರಾ 40 ಡಿಗ್ರಿ ದಾಟುತ್ತದೆ, ಮರ ಒಣಗಿ ಕುಗ್ಗುತ್ತದೆ. ಮಳೆಗಾಲಕ್ಕೆ ಹೊರಗೋಡೆ ಬೆವರುತ್ತದೆ, ಮರ ಉಬ್ಬುತ್ತದೆ. ಈಗ ಏಪ್ರಿಲ್ ಬಂದರೆ ಆ ಕೋಣೆಯಲ್ಲಿ ಒಂದು ಪಾತ್ರೆ ನೀರಿಡುತ್ತೇನೆ. ಗುಬ್ಬಿಗೊಂದು, ಗಿಟಾರಿಗೊಂದು.

ಕೊನೆಗೆ ಅಟ್ಟದಿಂದ ಏಕತಾರಿ ಇಳಿಸಿದೆ. ಅದಕ್ಕೂ ಒಂದು ಕಚ್ಚು ಮಾಡಬೇಕೆಂಬ ಆಸೆ. ಆದರೆ ಅದರ ಸೋರೆಬುರುಡೆ ಕೆಳಗಿನ ಪಟ್ಟಿಗಳ ಮೇಲೆ ಕೂರಲೊಪ್ಪಲಿಲ್ಲ, ಉರುಳತೊಡಗಿತು. ಹಳೆಯ ಜೀವ, ಸಾಲಿನಲ್ಲಿ ನಿಲ್ಲುವುದಿಲ್ಲ. ಸ್ಟ್ಯಾಂಡಿನ ಮೇಲ್ಗಡೆ ಗೋಡೆಗೆ ಅದೇ ಗಿಳಿಗೂಟ ಕೂಡಿಸಿದೆ.

ಮುರಿದ ಗಿಟಾರಿನ ಕುತ್ತಿಗೆಯನ್ನು ಮಗ ಹೈದರಾಬಾದಿನಲ್ಲಿ ಅಂಟು ಹಾಕಿಸಿದ್ದ. ಅದನ್ನು ಹೆಗಲಿಗೇರಿಸಿಕೊಂಡು ಒಂದು ಶನಿವಾರ ರಾತ್ರಿ ಬಂದ. ಸ್ಟ್ಯಾಂಡಿನ ಮುಂದೆ ನಿಂತ. ಕಚ್ಚುಗಳನ್ನು ಬೆರಳಿನಿಂದ ಮುಟ್ಟಿದ. ಕೆಳ ಅಂಚಿನ ತಪ್ಪು ಕಚ್ಚುಗಳನ್ನೂ ಮುಟ್ಟಿ ಸಣ್ಣಗೆ ನಕ್ಕ. 'ಮುತ್ಯಾನ ಬಾಗಿಲ ಅಲ್ರಿ ಇದು?' ಎಂದ. ಹೌದೆಂದೆ. ಮೊದಲನೆಯ ಕಚ್ಚು ಖಾಲಿ ಇತ್ತು. ಕುತ್ತಿಗೆಯ ಮೇಲೆ ಕೂದಲೆಳೆಯಂಥ ಗೆರೆಯಿದ್ದ ಆ ಗಿಟಾರನ್ನು ಅಲ್ಲಿ ನಿಲ್ಲಿಸಿದ. ಮತ್ತೇನೂ ಮಾತಾಡಲಿಲ್ಲ. ನಮ್ಮ ಮನೆಯ ಗಂಡಸರು ಇಂಥ ಹೊತ್ತಿನಲ್ಲಿ ಮಾತಾಡುವವರಲ್ಲ.

ಊಟ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಇವಳು ಮೇಣಬತ್ತಿ ಹುಡುಕತೊಡಗಿದಳು. ಎಲ್ಲಿಟ್ಟಿದ್ದಳೋ, ಸಿಗಲಿಲ್ಲ. ಅಷ್ಟರಲ್ಲಿ ಒಳಕೋಣೆಯ ಕತ್ತಲಿನಿಂದ ಗಿಟಾರಿನ ದನಿ ಬಂತು.

ಅವನು ಹುಡುಕಿರಲಿಕ್ಕಿಲ್ಲ. ಕೈ ಚಾಚಿರಬೇಕು, ಸಿಕ್ಕಿರಬೇಕು.