ಅಪ್ಪನ ಪೆನ್ಸಿಲ್ ಮುಟ್ಟದ ಗೆರೆ

ನೆಗೆಟಿವ್‌ನಲ್ಲಿ ಹರೆಯದವರ ಕೂದಲು ಬೆಳ್ಳಗೆ ಕಾಣುತ್ತದೆ, ಮುದುಕರದು ಕಪ್ಪಗೆ. ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಅಪ್ಪನ ಸ್ಟುಡಿಯೋ ಇತ್ತು. ಏಳೆಂಟು ವರ್ಷದವಳಿದ್ದಾಗ ನನ್ನದೇ ಒಂದು ನೆಗೆಟಿವ್ ಎತ್ತಿ ಕಿಟಕಿಗೆ ಹಿಡಿದೆ. ಕಪ್ಪು ಮುಖದ, ಬಿಳಿ ಜಡೆಯ ಮುದುಕಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಹೆದರಿ ಕೈಬಿಟ್ಟೆ. ನೆಲಕ್ಕೆ ಬಿದ್ದು ಅಂಚು ಗೀಚಿಹೋಯಿತು. ಅಪ್ಪ ಬೈಯಲಿಲ್ಲ. "ಅದು ನೀನೇ ಕಣೇ, ಉಲ್ಟಾ ಅಷ್ಟೆ" ಅಂದರು.

ಸಂಜೆ ಗಿರಾಕಿಗಳು ಹೋದ ಮೇಲೆ ಅಪ್ಪ ಟಚಿಂಗ್‌ಗೆ ಕೂರುತ್ತಿದ್ದರು. ಓರೆಯಾದ ಮರದ ಮೇಜು, ಅದರ ನಡುವೆ ಒಂದು ಕಿಂಡಿ, ಕೆಳಗೆ ಬೆಳಕನ್ನು ಮೇಲಕ್ಕೆ ಕೊಡುವ ಕನ್ನಡಿ. ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿಯಲೆಂದು ಒಂದು ಎಣ್ಣೆಯಂಥ ದ್ರಾವಣ ಸವರಿ ಒಣಗಿಸುತ್ತಿದ್ದರು. ಆಮೇಲೆ ಸೂಜಿಮೊನೆಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಮುಖದ ಮೇಲೆ ಸಣ್ಣ ಸಣ್ಣ ಗೀರು, ಚುಕ್ಕೆ. ಸುಕ್ಕು ಅಂದರೆ ಮುಖದ ಮೇಲೆ ಬಿದ್ದ ನೆರಳು. ನೆಗೆಟಿವ್‌ನಲ್ಲಿ ಆ ಜಾಗ ತೆಳ್ಳಗೆ, ಗಾಜಿನ ಹಾಗೆ ಇರುತ್ತದೆ. ಅಲ್ಲಿ ಪೆನ್ಸಿಲ್ಲಿನ ಕಪ್ಪು ತುಂಬಿದರೆ ಬೆಳಕು ತಡೆದುಕೊಂಡು ಪ್ರಿಂಟಿನಲ್ಲಿ ಆ ಗೆರೆ ಬೆಳ್ಳಗಾಗಿ ಸುತ್ತಲಿನ ಚರ್ಮದ ಜೊತೆ ಸೇರಿಹೋಗುತ್ತದೆ. ಒಂದು ಮುಖಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಮೊಡವೆ, ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಚೀಲ, ಹಣೆಯ ಗೆರೆ ಎಲ್ಲ ಹೋಗುತ್ತಿತ್ತು. ಒಂದನ್ನು ಮಾತ್ರ ಅಪ್ಪ ಮುಟ್ಟುತ್ತಿರಲಿಲ್ಲ: ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಗೆರೆ. ಬಹಳ ಆಳವಿದ್ದರೆ ಒಂದಿಷ್ಟು ಹಗುರ ಮಾಡುವರು, ಪೂರ್ತಿ ತೆಗೆಯುತ್ತಿರಲಿಲ್ಲ. "ಅದನ್ನ ತೆಗೆದ್ರೆ ಆಳೇ ಬೇರೆ ಆಗೋಗ್ತಾರೆ. ಮನೆಯವರು ಫೋಟೋ ವಾಪಸ್ ತರ್ತಾರೆ" ಅನ್ನುತ್ತಿದ್ದರು.

ಟಚಿಂಗ್ ಬೇಕೆಂದು ಕೇಳಿ ಮಾಡಿಸುತ್ತಿದ್ದವರು ಗಂಡಿನ ಮನೆಗೆ ಫೋಟೋ ಕಳಿಸುವವರು. ನಲವತ್ತು ದಾಟಿದ ಹೆಂಗಸೊಬ್ಬಳು ತಾನಾಗಿ ಬಂದು, ಸ್ಟೂಲಿನ ಮೇಲೆ ಕೂತು, ತನ್ನೊಬ್ಬಳದೇ ಫೋಟೋ ತೆಗೆಸಿಕೊಂಡದ್ದು ನನ್ನ ಬಾಲ್ಯದ ನೆನಪಿನಲ್ಲಿ ಇಲ್ಲವೇ ಇಲ್ಲ. ಅಂಥವರ ಮುಖ ಸ್ಟುಡಿಯೋಗೆ ಬರುತ್ತಿದ್ದದ್ದು ಅವರು ಸತ್ತ ಮೇಲೆ. ಮಗನೋ ಅಳಿಯನೋ ಯಾವುದೋ ಮದುವೆಯ ಗುಂಪು ಫೋಟೋ ತಂದು, ಮೂರನೇ ಸಾಲಿನಲ್ಲಿ ಅರ್ಧ ಕಾಣುವ ಮುಖದ ಮೇಲೆ ಬೆರಳಿಟ್ಟು, "ಇದನ್ನ ದೊಡ್ಡದು ಮಾಡಿಕೊಡಿ, ಹನ್ನೊಂದನೇ ದಿನಕ್ಕೆ ಬೇಕು" ಅನ್ನುತ್ತಿದ್ದರು. ಹೀಗಾಗಿ ಅರವತ್ತಕ್ಕೆ ಸತ್ತವಳು ಗೋಡೆಯ ಮೇಲೆ ಇಪ್ಪತ್ತೈದರವಳಾಗಿ ನಿಲ್ಲುತ್ತಿದ್ದಳು. ನಡುವಿನ ಮೂವತ್ತೈದು ವರ್ಷದ ಮುಖ ಎಲ್ಲೂ ದಾಖಲಾಗಲಿಲ್ಲ. 1993ರಲ್ಲಿ ಚುನಾವಣಾ ಆಯೋಗ ಭಾವಚಿತ್ರವಿರುವ ಗುರುತಿನ ಚೀಟಿಗೆ ಆದೇಶ ಮಾಡಿತಲ್ಲ, ನಮ್ಮ ಬೀದಿಯ ಎಷ್ಟೋ ಹೆಂಗಸರಿಗೆ ನಡುವಯಸ್ಸಿನ ಒಂದು ಫೋಟೋ ಅಂತ ಸಿಕ್ಕಿದ್ದು ಆ ಚೀಟಿಯಲ್ಲಿ.

ಆಗಿನವರು ಮುಖ ನೋಡಿಕೊಳ್ಳುತ್ತಿರಲಿಲ್ಲ, ಅದಕ್ಕೇ ನೆಮ್ಮದಿಯಾಗಿದ್ದರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಸೋದರತ್ತೆ ನಲವತ್ತೈದಕ್ಕೆ ಮುದುಕಿಯಾಗಿದ್ದರು. ಏಳು ಹೆರಿಗೆ, ದಿನವಿಡೀ ಸೌದೆ ಒಲೆಯ ಹೊಗೆ, ತೋಟದ ಬಿಸಿಲು, ಎಲೆ ಅಡಿಕೆ ಹೊಗೆಸೊಪ್ಪು. ಹಲ್ಲು ಒಂದೊಂದಾಗಿ ಬಿದ್ದುಹೋಗಿ ಬಾಯಿ ಬೊಚ್ಚಾಗಿತ್ತು. ಹಲ್ಲು ಹೋದರೆ ಅದನ್ನು ಹಿಡಿದಿದ್ದ ದವಡೆಯ ಮೂಳೆಯೂ ಸವೆಯುತ್ತದೆ, ಕೆನ್ನೆ ಒಳಕ್ಕೆ ಹೋಗುತ್ತದೆ. ಅವರಿಗೆ ಬೇಸರವಿರಲಿಲ್ಲ ಅಂತ ಯಾರು ಹೇಳಿದರು? ಗಂಡ ತೀರಿಕೊಂಡ ಮೇಲೆ ಮುಖಕ್ಕೆ ಅರಿಶಿನ ಹಚ್ಚುವ ಹಾಗಿರಲಿಲ್ಲ. ನಮ್ಮ ಮನೆಗೆ ಬಂದಾಗ ಬಚ್ಚಲಮನೆಯ ಗೋಡೆಯಲ್ಲಿದ್ದ ಅಂಗೈಯಗಲದ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿರುತ್ತಿದ್ದರು. ಬಾಗಿಲ ಸಂದಿಯಿಂದ ನಾನು ನೋಡಿದ್ದೇನೆ. ಕೇಳುವ ಧೈರ್ಯ ಆಗಲಿಲ್ಲ. ಬಸವಣ್ಣನವರ ಒಂದು ವಚನ ಮುಪ್ಪಿನ ಗುರುತುಗಳನ್ನು ಕೆನ್ನೆಯಿಂದಲೇ ಎಣಿಸಲು ಶುರುಮಾಡುತ್ತದೆ. ಅತ್ತೆಗೆ ಅದು ಬಾಯಿಪಾಠ ಇತ್ತು. ಬಾಯಿಪಾಠ ಇದ್ದ ಮಾತ್ರಕ್ಕೆ ನೋವು ಇರುವುದಿಲ್ಲವೇ?

ಒಂದು ವಿಷಯದಲ್ಲಿ ಮಾತ್ರ ಆ ಕಾಲ ವಾಸಿ. ಐದು ವರ್ಷದ ಹುಡುಗಿಯನ್ನೂ "ಬಾರವ್ವ", "ಏನ್ ತಾಯಿ" ಅಂತಲೇ ಮಾತಾಡಿಸುತ್ತಿದ್ದರು. ಎಪ್ಪತ್ತರವಳಿಗೂ ಅದೇ ಮಾತು. ಕರೆಯುವ ಪದದಲ್ಲಿ ವಯಸ್ಸಿನ ಲೆಕ್ಕ ಇರಲಿಲ್ಲ. ಈಗ ಇದೆ. ಸಂತೆಯಲ್ಲಿ ನಾನು ಹದಿನೈದು ವರ್ಷದಿಂದ ಸೊಪ್ಪು ಕೊಳ್ಳುವುದು ಒಬ್ಬನ ಹತ್ತಿರವೇ. ಮೊದಲು "ಅಕ್ಕ" ಅನ್ನುತ್ತಿದ್ದ. ನಲವತ್ತೆರಡರ ಹೊತ್ತಿಗೆ "ಆಂಟಿ" ಆದೆ. ಐವತ್ತಕ್ಕೆ "ಅಮ್ಮ". ಅವನಿಗೂ ನನಗೂ ಹೆಚ್ಚೆಂದರೆ ಆರೇಳು ವರ್ಷದ ಅಂತರ. ಅವನ ತಪ್ಪಲ್ಲ, ಅವನು ಕಂಡದ್ದನ್ನು ಹೇಳುತ್ತಾನೆ. ಆದರೆ "ಆಂಟಿ" ಅಂದ ಆ ದಿನ ಮನೆಗೆ ಬಂದು ಸೊಪ್ಪಿನ ಚೀಲವನ್ನು ಕಟ್ಟೆಯ ಮೇಲೆ ಇಟ್ಟವಳೇ ಕನ್ನಡಿ ನೋಡಲು ಹೋದೆ.

ನನ್ನ ಮುಖಕ್ಕೆ ಬಂಗು ಬಂದದ್ದು 2015ರಲ್ಲಿ, ನಲವತ್ತನಾಲ್ಕಕ್ಕೆ. ಎರಡೂ ಕೆನ್ನೆ, ಮೇಲ್ತುಟಿಯ ಮೇಲೆ ಕಂದು ಬಣ್ಣದ ಮಬ್ಬು. ಊರ ಹೊರಗಿನ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ, ಕಿಟಕಿ ಪಕ್ಕದ ಸೀಟು ನನಗಿಷ್ಟ. ಮೊದಲು ಎಲ್ಲರೂ ಹೇಳಿದ್ದನ್ನೆಲ್ಲ ಮಾಡಿದೆ: ಜಾಯಿಕಾಯಿ ಹಾಲಿನಲ್ಲಿ ತೇಯ್ದು ಹಚ್ಚಿದೆ, ರಕ್ತಚಂದನ ಹಚ್ಚಿದೆ, ನಿಂಬೆರಸ ಹಚ್ಚಿ ಉರಿ ಎಬ್ಬಿಸಿಕೊಂಡೆ. ಆಮೇಲೆ ಜೊತೆಯ ಮೇಡಂ ಒಬ್ಬರು ಒಂದು ಕ್ರೀಮಿನ ಹೆಸರು ಬರೆದುಕೊಟ್ಟರು. ಬಸ್ ಸ್ಟ್ಯಾಂಡ್ ಹತ್ತಿರದ ಔಷಧದಂಗಡಿಯಲ್ಲಿ ಚೀಟಿ ಕೇಳಲಿಲ್ಲ, ಪೇಸ್ಟ್ ಕೊಟ್ಟ ಹಾಗೆ ಕೊಟ್ಟರು.

ಹದಿನೈದು ದಿನದಲ್ಲಿ ಮುಖ ಹೊಳೆಯಿತು. ಬಂಗು ಮಾಸಿತು, ಕಣ್ಣಿನ ಸುತ್ತಲ ಗೆರೆ ಕೂಡ ಕಮ್ಮಿಯಾದಂತೆ ಕಂಡಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುವವರೇ. ಆ ಹೊಗಳಿಕೆ ನನಗೆ ಬೇಕಾಗಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಎಂಟು ತಿಂಗಳು ಹಚ್ಚಿದೆ. ಒಂದು ದಿನ ಬಿಟ್ಟರೆ ಮುಖ ಕೆಂಡದ ಹಾಗೆ ಉರಿಯುವುದು, ಮತ್ತೆ ಹಚ್ಚಿದರೆ ತಣ್ಣಗಾಗುವುದು. ಹಾಗಾಗಿ ಬಿಡಲಾಗಲಿಲ್ಲ. ಕೆನ್ನೆಯ ಮೇಲೆ ಕೆಂಪು ದಾರದಂಥ ನರಗಳು ಎದ್ದವು, ಹದಿನಾರರಲ್ಲೂ ಬಾರದ ಮೊಡವೆ ಬಂದವು, ದವಡೆಯ ಪಕ್ಕದಲ್ಲಿ ಕೂದಲು ಬೆಳೆಯಿತು. ಒಲೆಯ ಮುಂದೆ ನಿಲ್ಲಲಾಗುತ್ತಿರಲಿಲ್ಲ. ಬಂಗು ಮೊದಲಿಗಿಂತ ಗಾಢವಾಗಿ ವಾಪಸ್ ಬಂತು.

ತುಮಕೂರಿನ ಚರ್ಮದ ಡಾಕ್ಟರಮ್ಮ ಟ್ಯೂಬನ್ನು ಕೈಗೆ ತೆಗೆದುಕೊಂಡು ಸಣ್ಣಕ್ಷರ ಓದಿದರು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಕೊನೆಯದು ಸ್ಟೆರಾಯ್ಡ್. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಊತ ಇಳಿಸುತ್ತದೆ, ಅದಕ್ಕೇ ಮೊದಲು ಬೆಳ್ಳಗೆ, ನುಣ್ಣಗೆ ಕಾಣುವುದು. ಡಾಕ್ಟರು ಹೇಳಿ ಕೆಲವೇ ವಾರ ಹಚ್ಚಿ ನಿಲ್ಲಿಸಬೇಕಾದದ್ದನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಹೂವಿನ ಎಸಳಿನಷ್ಟು ತೆಳ್ಳಗಾಗುತ್ತದೆ. ಇದಕ್ಕೆ ನಮ್ಮ ದೇಶದ ಚರ್ಮವೈದ್ಯರೇ ಒಂದು ಹೆಸರು ಕೊಟ್ಟಿದ್ದಾರೆ, 'ಸ್ಟೆರಾಯ್ಡ್‌ನಿಂದ ಹಾಳಾದ ಮುಖ' ಅಂತ. 2011ರಲ್ಲಿ ಪ್ರಕಟವಾದ ಅವರ ಅಧ್ಯಯನವೊಂದರಲ್ಲಿ ಮುಖದ ಚರ್ಮದ ತೊಂದರೆಗೆ ಬಂದ 2,926 ಜನರಲ್ಲಿ 433 ಮಂದಿ ಇಂಥ ಕ್ರೀಮು ಹಚ್ಚುತ್ತಿದ್ದರು. ನಾನೊಬ್ಬಳೇ ಪೆದ್ದಿ ಅಂದುಕೊಂಡು ಕೂತಿದ್ದ ನನಗೆ ಆ ಅಂಕಿ ಓದಿದಾಗ ಬಂದದ್ದು ಸಮಾಧಾನವಲ್ಲ, ಸಿಟ್ಟು.

ಚರ್ಮ ಒಂದು ಹದಕ್ಕೆ ಬರಲು ಒಂದು ವರ್ಷದ ಮೇಲಾಯಿತು. ಆ ವರ್ಷ ಡಾಕ್ಟರಮ್ಮ ಹೇಳಿದ ಕೆಲವು ಮಾತು ನನಗೆ ಯಾವ ಕ್ರೀಮಿಗಿಂತ ಹೆಚ್ಚು ಉಪಯೋಗಕ್ಕೆ ಬಂದವು. ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಸುಮಾರು 30%ರಷ್ಟು ಹೋಗುತ್ತದಂತೆ. ಕಣ್ಣಿನ ಗುಳಿಯ ಮೂಳೆ ಅಗಲವಾಗುತ್ತದೆ, ದವಡೆ ಸವೆಯುತ್ತದೆ, ಕೆನ್ನೆಯ ಕೊಬ್ಬು ಕೆಳಕ್ಕೆ ಜಾರುತ್ತದೆ. "ಯಾಕೆ ಇಳಿದುಹೋಗಿದೀರ?" ಅಂತ ನಮ್ಮವರು ಕೇಳುವುದು ಅಕ್ಷರಶಃ ನಿಜ, ಮುಖ ಇಳಿಯುತ್ತದೆ. ಅದು ಕಾಯಿಲೆಯಲ್ಲ, ನಿದ್ದೆಗೆಟ್ಟದ್ದಲ್ಲ, ಮನೆಯಲ್ಲಿ ಜಗಳವಾದದ್ದಲ್ಲ. ಇನ್ನೊಂದು: ಸುಕ್ಕಿಗೆ ವಯಸ್ಸಿನಷ್ಟೇ ಬಿಸಿಲೂ ಕಾರಣ, ಮತ್ತು ಅದರ ಒಂದು ಪಾಲು ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಫೋಟೋವನ್ನು ಅವರು ಕಂಪ್ಯೂಟರಿನಲ್ಲಿ ತೋರಿಸಿದರು. ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವನೊಬ್ಬನ ಮುಖ. ಕಿಟಕಿಯ ಕಡೆಯ ಎಡಕೆನ್ನೆ ಜೋತುಬಿದ್ದು ಗುಬ್ಬುಗುಬ್ಬಾಗಿತ್ತು, ಬಲಗಡೆ ಅವನ ತಮ್ಮನೇನೋ ಅನ್ನುವ ಹಾಗಿತ್ತು. ಅವತ್ತಿನಿಂದ ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚದೆ ಮನೆಯಿಂದ ಹೊರಡುವುದಿಲ್ಲ. ಬಂಗಿಗೆ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಹೆಚ್ಚು ಒಳ್ಳೆಯದಂತೆ, ಅದನ್ನೇ ತರುತ್ತೇನೆ. ಕಿಟಕಿ ಪಕ್ಕದ ಸೀಟು ಬಿಟ್ಟಿಲ್ಲ, ಸೆರಗು ಎಳೆದುಕೊಳ್ಳುತ್ತೇನೆ.

ಕೂದಲಿಗೆ ಬಣ್ಣ ಹಚ್ಚುತ್ತೇನೆ. ಬಿಟ್ಟುಬಿಡಿ, ನರೆ ಸಹಜ ಅನ್ನುವ ಉಪದೇಶ ನನಗೆ ಬೇಡ. ಹಚ್ಚುವ ಎರಡು ದಿನ ಮೊದಲು ಮೊಣಕೈ ಒಳಗೆ ಒಂದು ಬೊಟ್ಟು ಹಚ್ಚಿ ನೋಡುತ್ತೇನೆ. ಕಪ್ಪು ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಕೆಲವರಿಗೆ ಮುಖವೇ ಊದುವಷ್ಟು ಅಲರ್ಜಿ ಮಾಡುತ್ತದೆ. ನಮ್ಮನೆಯವರಿಗೆ ನನಗಿಂತ ಹೆಚ್ಚು ಬಿಳಿಕೂದಲಿದೆ. ಮದುವೆಮನೆಗಳಲ್ಲಿ ಅವರನ್ನು ನೋಡಿ "ಈಗ ಒಳ್ಳೆ ಗಾಂಭೀರ್ಯ ಬಂದಿದೆ" ಅನ್ನುವ ಅದೇ ಜನ ನನ್ನ ಕಡೆ ತಿರುಗಿ "ಹುಷಾರಿಲ್ವಾ?" ಅನ್ನುತ್ತಾರೆ. ಇದು ಅನ್ಯಾಯ. ಗಂಡಸರಿಗಿಂತ ಹೆಚ್ಚಾಗಿ ನಾವು ಹೆಂಗಸರೇ ಒಬ್ಬರಿಗೊಬ್ಬರು ಕೇಳುವ ಪ್ರಶ್ನೆ ಇದು. ನಾನು ಕೇಳುವುದನ್ನು ನಿಲ್ಲಿಸಿದ್ದೇನೆ.

ಹೋದ ವರ್ಷ ಅಣ್ಣನ ಮಗಳ ಮದುವೆಯಲ್ಲಿ ನನ್ನ ಮಗಳು ಎಲ್ಲರನ್ನೂ ಸೇರಿಸಿ ಮೊಬೈಲಿನಲ್ಲಿ ಫೋಟೋ ತೆಗೆದಳು. ನೋಡಿದರೆ ನನ್ನ ಮುಖ ಹಿಟ್ಟು ಮೆತ್ತಿದ ಹಾಗೆ ನುಣ್ಣಗಿತ್ತು. ಹಣೆಯ ಗೆರೆ ಇಲ್ಲ, ಬಂಗಿಲ್ಲ, ಮೂಗಿನ ಪಕ್ಕದಿಂದ ಬಾಯಿಗೆ ಇಳಿಯುವ ಗೆರೆಯೂ ಇಲ್ಲ. "ಇದಕ್ಕೇನು ಮಾಡಿದೆ?" ಅಂದೆ. "ಏನೂ ಮಾಡಿಲ್ಲಮ್ಮ, ಫೋನೇ ಮಾಡುತ್ತೆ" ಅಂದಳು. ಅಪ್ಪ ಮುಕ್ಕಾಲು ಗಂಟೆ ಕೂತು ಮಾಡುತ್ತಿದ್ದ ಕೆಲಸವನ್ನು ಅದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಮಾಡಿತ್ತು. ಆದರೆ ಅಪ್ಪ ಕೇಳಿ ಮಾಡುತ್ತಿದ್ದರು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ನಾನು ಮಗಳ ಕೈಯಿಂದ ಅದನ್ನು ಆಫ್ ಮಾಡಿಸಿ ಇನ್ನೊಂದು ತೆಗೆಸಿದೆ. ಎರಡನ್ನೂ ಇಟ್ಟುಕೊಂಡಿದ್ದೇನೆ. ಎರಡನೆಯದರಲ್ಲಿ ನಾನು ಚೆನ್ನಾಗಿ ಕಾಣುತ್ತೇನೆ ಅಂತ ಹೇಳುವುದಿಲ್ಲ. ಅದು ನಾನು, ಅಷ್ಟು ಸಾಕು. ಐವತ್ತಮೂರನೆಯ ವಯಸ್ಸಿನ ನನ್ನ ಮುಖ ಎಲ್ಲಾದರೂ ಒಂದು ಕಡೆ ಇರಲಿ ಅನ್ನಿಸಿತು. ಅತ್ತೆಯದು ಎಲ್ಲೂ ಇಲ್ಲ.

ಈ ಬರಹ ಬರೆಯಲು ಕೂತದ್ದಕ್ಕೆ ಕಾರಣ ಬೇರೆ. ಹೋದ ತಿಂಗಳು ನಮ್ಮ ಶಾಲೆಗೆ ವರ್ಗವಾಗಿ ಬಂದ ಮೇಡಂ ಒಬ್ಬರು, ನಲವತ್ತೊಂದು ಅವರಿಗೆ, ಮಧ್ಯಾಹ್ನ ಊಟದ ಹೊತ್ತಿಗೆ ಕೆನ್ನೆಗೆ ಒದ್ದೆ ಕರ್ಚೀಫು ಒತ್ತಿಕೊಂಡು ಕೂತಿದ್ದರು. "ಬಿಸಿ ಅನ್ನದ ಹಬೆ ತಾಗಿದ್ರೂ ಉರಿಯುತ್ತೆ ಅಕ್ಕ" ಅಂದರು. ಬ್ಯಾಗಿನಲ್ಲಿ ಏನಿದೆ ತೋರಿಸಿ ಅಂದೆ. ಕಂಪನಿ ಬೇರೆ, ಒಳಗಿನ ಮೂರು ಹೆಸರು ಅವೇ. ಚೀಟಿ ಇಲ್ಲದೆ ಕೊಂಡದ್ದು. ಇಂಥ ಹದಿನಾಲ್ಕು ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಕೂಡದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಆದೇಶ ಮಾಡಿದೆ.

ನಲವತ್ತು ದಾಟಿದ ಅಕ್ಕತಂಗಿಯರಲ್ಲಿ ನಾನು ಕೇಳಿಕೊಳ್ಳುವುದಿಷ್ಟು. ಕನ್ನಡಿಯ ಮುಂದೆ ಇಟ್ಟಿರುವ ಟ್ಯೂಬನ್ನು ಇವತ್ತು ತಿರುಗಿಸಿ ಓದಿ. ಅಕ್ಷರ ಸಣ್ಣದಿರುತ್ತದೆ, ಕನ್ನಡಕ ಹಾಕಿಕೊಳ್ಳಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಈ ಮೂರರಲ್ಲಿ ಯಾವುದೇ ಹೆಸರಿದ್ದು, ನೀವದನ್ನು ಡಾಕ್ಟರನ್ನು ಕೇಳದೆ ತಂದಿದ್ದರೆ, ಚರ್ಮದ ಡಾಕ್ಟರ ಹತ್ತಿರ ಹೋಗಿ. ಬಹಳ ದಿನದಿಂದ ಹಚ್ಚುತ್ತಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಮುಖ ಉರಿದೇಳುತ್ತದೆ. ಹೇಗೆ ಬಿಡಬೇಕೆಂದು ಅವರು ಹೇಳುತ್ತಾರೆ. ಹೋಗುವಾಗ ಆ ಟ್ಯೂಬನ್ನೂ ಜೊತೆಗೆ ತೆಗೆದುಕೊಂಡು ಹೋಗಿ.