ಗಳಿಸದ ಲಾಭದ ಹಂಚಿಕೆ

ಬಂಡವಾಳ ಹೂಡಿದವನು ವರ್ಷಾಂತ್ಯದಲ್ಲಿ ಲಾಭಾಂಶವನ್ನು ನಿರೀಕ್ಷಿಸುವುದು ಸಹಜವೇ ಆಗಿದೆ. ಗಳಿಸಿದ್ದರಲ್ಲಿ ಒಂದು ಪಾಲನ್ನು ಷೇರುದಾರರಿಗೆ ಹಂಚುವುದು ವ್ಯವಹಾರದ ವಾಡಿಕೆ. ಆದರೆ ಖನಿಜಾನ್ವೇಷಣೆಯನ್ನೇ ಕಸುಬಾಗಿ ಉಳ್ಳ ಸಣ್ಣ ಕಂಪನಿಗಳ ಮಾತು ಬೇರೆ. ಅವುಗಳ ದಾಖಲೆಗಳಲ್ಲಿ ಲಾಭಾಂಶ ನೀತಿಯೆಂಬ ಶೀರ್ಷಿಕೆಯ ಕೆಳಗೆ ಸಾಮಾನ್ಯವಾಗಿ ಕಾಣುವ ಸಾರಾಂಶವಿಷ್ಟೆ: ಈವರೆಗೆ ಲಾಭಾಂಶ ಕೊಟ್ಟಿಲ್ಲ, ಸಮೀಪ ಭವಿಷ್ಯದಲ್ಲಿ ಕೊಡುವ ಉದ್ದೇಶವೂ ಇಲ್ಲ. ಈ ಮಾತು ನಿಷ್ಠುರವೆನಿಸಬಹುದು. ವಿಚಾರಿಸಿ ನೋಡಿದರೆ ಅದರಲ್ಲಿ ಒಂದು ಪ್ರಾಮಾಣಿಕತೆ ಅಡಗಿದೆ.

ಇಂತಹ ಕಂಪನಿಗೆ ಮಾರಲು ಸರಕಿಲ್ಲ. ಅನುಮತಿ ಪಡೆದ ನೆಲದಲ್ಲಿ ಆಳವಾಗಿ ಕೊರೆದು, ಮೇಲೆ ಬಂದ ಕಲ್ಲಿನ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಅದಿರಿನ ಅಂಶವೆಷ್ಟೆಂದು ಅರಿಯುವುದೇ ಅದರ ಕೆಲಸ. ಖರ್ಚು ನಿಶ್ಚಿತ, ಫಲ ಅನಿಶ್ಚಿತ. ಹಣ ಮುಗಿದಾಗ ಹೊಸ ಷೇರುಗಳನ್ನು ಮಾರಿ ಮತ್ತೆ ಹಣ ಕೂಡಿಸಬೇಕು. ಹೀಗಿರುವಾಗ ಅದು ಲಾಭಾಂಶ ಹಂಚಿದರೆ ಆಗುವುದೇನು? ಹೊಸದಾಗಿ ಬಂದವನ ಮೂಲಧನವನ್ನು ತೆಗೆದು, ಮೊದಲೇ ಬಂದವನ ಕೈಗೆ ಲಾಭವೆಂಬ ಹೆಸರಿನಲ್ಲಿ ಇತ್ತಂತಾಗುತ್ತದೆ. ಕೊಟ್ಟವನು ಉದಾರಿಯೆನಿಸಿಕೊಳ್ಳುತ್ತಾನೆ, ಪಡೆದವನು ಸಂತುಷ್ಟನಾಗುತ್ತಾನೆ. ಆದರೆ ಇಬ್ಬರ ನಡುವೆ ಸತ್ಯ ಮರೆಯಾಗುತ್ತದೆ. ಭಾರತದ 2013ರ ಕಂಪನಿ ಕಾಯಿದೆಯ 123ನೆಯ ವಿಧಿಯೂ ಲಾಭಾಂಶವನ್ನು ಮುಖ್ಯವಾಗಿ ಆ ವರ್ಷದ ಅಥವಾ ಹಿಂದಿನ ವರ್ಷಗಳ ಲಾಭದಿಂದಲೇ ಕೊಡಬೇಕೆಂದು ಕಟ್ಟುಪಾಡು ವಿಧಿಸಿದೆ.

ನಮ್ಮ ಕೋಲಾರದ ಚಿನ್ನದ ಗಣಿಯ ಆರಂಭವೂ ಇಂತಹ ಅನಿಶ್ಚಿತತೆಯಲ್ಲಿಯೇ ಆಯಿತು. ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕ 1875ರಲ್ಲಿ ಅಲ್ಲಿ ಗಣಿ ಶೋಧಿಸುವ ಹಕ್ಕನ್ನು ಪಡೆದನು. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಸ್ಥಾಪಿತವಾಯಿತು. ಕೆಲವೇ ವರ್ಷಗಳಲ್ಲಿ ಬಂಡವಾಳದ ಬಹುಭಾಗ ಕರಗಿತು. ಕೆಲಸ ನಿಲ್ಲಿಸುವ ಆಲೋಚನೆಯೂ ಬಂದಿತು. ಉಳಿದ ಹಣವನ್ನು ಅಗೆತಕ್ಕೇ ವಿನಿಯೋಗಿಸುವಂತೆ ಜಾನ್ ಟೇಲರ್ ಷೇರುದಾರರ ಮನವೊಲಿಸಿದರು. ಪ್ಲಮರ್ ಎಂಬ ಗಣಿ ನಿಪುಣನ ಪ್ರಯತ್ನದಿಂದ ಚಾಂಪಿಯನ್ ರೀಫ್ ಎಂಬ ಸಮೃದ್ಧ ಸ್ತರ ದೊರೆಯಿತು. 2001ರಲ್ಲಿ ಮುಚ್ಚುವವರೆಗೆ ಆ ನೆಲ ನೀಡಿದ ಚಿನ್ನ 800 ಟನ್ನಿಗೂ ಮಿಗಿಲು. ಈ ಕಥೆಯನ್ನು ಕೇಳಿ ತಾಳಿದವನಿಗೆಲ್ಲ ಚಿನ್ನ ದೊರೆಯುವುದೆಂದು ಭಾವಿಸುವುದು ಅವಿವೇಕ. ಕೊನೆಯ ಕಾಸಿನವರೆಗೂ ಅಗೆದು ಬರಿಗೈಯಾದ ಕಂಪನಿಗಳನ್ನು ಯಾರೂ ನೆನೆಯುವುದಿಲ್ಲ.

ಶೋಧ ಫಲಿಸಿದಾಗಲೂ ಪ್ರತಿಫಲ ವರ್ಷ ವರ್ಷದ ಲಾಭಾಂಶವಾಗಿ ಬರುವುದು ವಿರಳ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ವರ್ಜೀನಿಯಾ ಗೋಲ್ಡ್ ಮೈನ್ಸ್ ಎಂಬ ಅನ್ವೇಷಣಾ ಕಂಪನಿ 2004ರಲ್ಲಿ ಎಲಿಯೊನೋರ್ ಚಿನ್ನದ ನಿಕ್ಷೇಪವನ್ನು ಕಂಡಿತು. ಗಣಿ ನಡೆಸುವ ಸಾಮರ್ಥ್ಯವಿದ್ದ ಗೋಲ್ಡ್‌ಕಾರ್ಪ್ ಅದನ್ನು 2006ರಲ್ಲಿ ಕೊಂಡಿತು. ವರ್ಜೀನಿಯಾದ ಷೇರುದಾರರಿಗೆ ತಮ್ಮ ಒಂದೊಂದು ಷೇರಿಗೆ ಗೋಲ್ಡ್‌ಕಾರ್ಪ್‌ನ 0.4 ಷೇರೂ, ಅನ್ವೇಷಣೆ ಮುಂದುವರಿಸಲು ಸ್ಥಾಪಿಸಿದ ಹೊಸ ಕಂಪನಿಯ 0.5 ಷೇರೂ ದೊರೆತವು. ಮುಂದೆ ಹುಟ್ಟುವ ಚಿನ್ನದ ಮೇಲಣ ರಾಯಧನದ ಹಕ್ಕನ್ನು ಆ ಹೊಸ ಕಂಪನಿ ಉಳಿಸಿಕೊಂಡಿತು. ಗಣಿಯಿಂದ ಚಿನ್ನ ಹೊರಬಂದದ್ದು 2014ರಲ್ಲಿ. ಕಂಡುಹಿಡಿದು ಹತ್ತು ವರ್ಷ ಕಳೆದ ಮೇಲೆ ಫಲ ಕೈಗೆ ಬರುವ ಉದ್ಯಮವಿದು.

ಲಾಭಾಂಶ ಕೊಡುವುದಿಲ್ಲವೆಂದ ಮಾತ್ರಕ್ಕೆ ಕಂಪನಿ ಪ್ರಾಮಾಣಿಕವೆಂದೂ ತಿಳಿಯಬಾರದು. ಕೆನಡಾದ ಬ್ರೆ-ಎಕ್ಸ್ ಕಂಪನಿ ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಅಪಾರ ಚಿನ್ನವಿದೆಯೆಂದು ಸಾರಿತು. ಅದರ ಷೇರುಗಳ ಒಟ್ಟು ಬೆಲೆ ಸುಮಾರು 600 ಕೋಟಿ ಕೆನಡಾ ಡಾಲರಿಗೆ ಏರಿತು. 1997ರ ಮೇ ತಿಂಗಳಿನಲ್ಲಿ ಸ್ವತಂತ್ರ ಪರೀಕ್ಷಕರ ವರದಿ ಹೊರಬಿದ್ದಾಗ, ಮಾದರಿಗಳಿಗೆ ಹೊರಗಿನ ಚಿನ್ನವನ್ನು ಬೆರೆಸಲಾಗಿತ್ತೆಂಬುದು ತಿಳಿಯಿತು. ನಷ್ಟಕ್ಕೊಳಗಾದವರಲ್ಲಿ ಒಂಟಾರಿಯೊದ ಶಿಕ್ಷಕರ ಪಿಂಚಣಿ ನಿಧಿಯೂ ಸೇರಿತ್ತು. ಪರರ ವೃದ್ಧಾಪ್ಯದ ಆಧಾರವನ್ನು ಕಾಯಬೇಕಾದವರು ಸಹ ಏರುವ ಬೆಲೆಯ ಆಕರ್ಷಣೆಗೆ ಒಳಗಾದರು.

ಆದುದರಿಂದ ಲಾಭಾಂಶ ನೀತಿಯನ್ನು ಓದುವಾಗ ಎರಡು ಪ್ರಶ್ನೆಗಳನ್ನು ಕೇಳುವುದು ಯುಕ್ತ. ಹಂಚದೆ ಉಳಿಸಿದ ಹಣ ನಿಜವಾಗಿಯೂ ಕೊರೆತಕ್ಕೆ ಹೋಗುತ್ತಿದೆಯೇ, ಅಥವಾ ಕಚೇರಿಯ ವೈಭವಕ್ಕೂ ನಿರ್ದೇಶಕರ ಸಂಭಾವನೆಗೂ ಸವೆಯುತ್ತಿದೆಯೇ ಎಂಬುದು ಮೊದಲನೆಯದು. ವಾರ್ಷಿಕ ಲೆಕ್ಕಪತ್ರವನ್ನು ತಾಳ್ಮೆಯಿಂದ ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ಹೂಡುವ ಹಣ ಯಾರದು ಎಂಬುದು ಎರಡನೆಯದು. ಸ್ವಂತ ಉಳಿತಾಯದಲ್ಲಿ, ಹೋದರೂ ಸಂಸಾರ ಅಲುಗದಷ್ಟು ಭಾಗವನ್ನು ಅರಿತು ಹೂಡುವವನ ಸಾಹಸವನ್ನು ಆಕ್ಷೇಪಿಸಬೇಕಾಗಿಲ್ಲ. ಆದರೆ ಮಗಳ ವಿದ್ಯಾಭ್ಯಾಸಕ್ಕೆಂದು ತೆಗೆದಿಟ್ಟ ಹಣಕ್ಕೆ, ದಾನಿಗಳು ನಿತ್ಯದ ಅನ್ನದಾನಕ್ಕೆಂದು ನಂಬಿ ಒಪ್ಪಿಸಿದ ನಿಧಿಗೆ, ವರ್ಷ ವರ್ಷವೂ ಆದಾಯ ಬೇಕು. ಆದಾಯ ಕೊಡಲಾರೆನೆಂದು ಕಂಪನಿಯೇ ಬರೆದು ತಿಳಿಸಿರುವಾಗ ಅಂತಹ ಹಣವನ್ನು ಅಲ್ಲಿ ತೊಡಗಿಸಿ, ಅನಂತರ ಕಂಪನಿಯನ್ನು ದೂರುವುದು ನ್ಯಾಯವಲ್ಲ. ಅದು ತನ್ನ ಮಾತನ್ನು ಮೊದಲೇ ಹೇಳಿತ್ತು. ಅದನ್ನು ಓದಿ ತಿಳಿಯುವ ಹೊಣೆ ನಿಧಿಯನ್ನು ಕಾಯುವವರದು.