ಗಂಧವಹ

ಅಮರಕೋಶವು ಗಾಳಿಗೆ ಹೇಳುವ ಹೆಸರುಗಳಲ್ಲಿ ‘ಗಂಧವಹ’ ಎಂಬುದೂ ಒಂದು. ಗಾಳಿಯು ಗಂಧವನ್ನು ಮೂಗಿಗೆ ಮಾತ್ರವಲ್ಲ, ನೀರಿಗೂ ಹೊತ್ತೊಯ್ಯುವುದೆಂಬುದನ್ನು ಅಮೆರಿಕ, ಯೂರೋಪುಗಳ ಮನೆಗಳಲ್ಲಿ ಗಾಜಿನ ತೊಟ್ಟಿಯೊಳಗೆ ಕಡಲ ಹವಳವನ್ನು ಸಾಕುವವರು ಬಲ್ಲರು.

ಹವಳವು ಕಲ್ಲಲ್ಲ, ಗಿಡವಲ್ಲ, ಅದೊಂದು ಪ್ರಾಣಿ. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ, 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು ಅದಕ್ಕೆ ಬೇಕು. ಆ ನೀರಿನಲ್ಲಿ ನೊರೆಯೆಬ್ಬಿಸಿ ಕಲ್ಮಷವನ್ನು ತೆಗೆಯುವ ಯಂತ್ರವು ಕೋಣೆಯ ಗಾಳಿಯನ್ನೇ ಸೆಳೆದು ಸೂಕ್ಷ್ಮವಾದ ಗುಳ್ಳೆಗಳಾಗಿ ಬೆರೆಸುತ್ತದೆ. ಆದುದರಿಂದ ಅತಿಥಿಗಳು ಬರುವರೆಂದು ಸಿಂಪಡಿಸಿದ ಪರಿಮಳದ್ರವ್ಯವೂ ಊದುಬತ್ತಿಯ ಹೊಗೆಯೂ ತೊಟ್ಟಿಯ ಪಾಲಿಗೆ ಬರುತ್ತವೆ. ತೈಲಾಂಶವು ನೀರಿನ ಮೇಲೆ ಪೊರೆಯಾಗಿ ಹರಡಿದರೆ ನೀರಿನ ಉಸಿರಾಟಕ್ಕೇ ತಡೆಯುಂಟಾಗುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮನುಷ್ಯರ ನಿಶ್ವಾಸದ ಇಂಗಾಲದ ಡೈಆಕ್ಸೈಡು ಹೆಚ್ಚಿ ನೀರಿನ ಪಿಎಚ್ ಮಟ್ಟವು ತಗ್ಗುತ್ತದೆ.

ಬಲ್ಲವರು ಯಂತ್ರದ ಗಾಳಿಕೊಳವೆಯನ್ನು ಮನೆಯ ಹೊರಕ್ಕೆ ಚಾಚುತ್ತಾರೆ. ಕರಗಿದ ಸಾವಯವ ಕಲ್ಮಷವನ್ನು ಹಿಡಿದಿಡಲು ಸಕ್ರಿಯ ಇದ್ದಿಲನ್ನಿಡುತ್ತಾರೆ. ಪರಿಮಳವನ್ನು ಸಿಂಪಡಿಸುವ ಬದಲು ಕಿಟಕಿಯನ್ನು ತೆರೆಯುತ್ತಾರೆ.

ಹವಳಕ್ಕೆ ಮೂಗು ಮುಚ್ಚಿಕೊಳ್ಳಲು ಕೈಯಿಲ್ಲ, ಎದ್ದುಹೋಗಲು ಕಾಲಿಲ್ಲ. ಅಂತಹ ಮೂಕಜೀವವನ್ನು ಮನೆಗೆ ತಂದವನು ನೀರಿನ ಹೊಣೆಯೊಡನೆ ಗಾಳಿಯ ಹೊಣೆಯನ್ನೂ ಹೊತ್ತಿರುತ್ತಾನೆ. ಮನುಷ್ಯನಿಗೆ ಸುಗಂಧವೆನಿಸಿದುದು ಅವನ ಆಶ್ರಯದಲ್ಲಿರುವ ಜೀವಕ್ಕೂ ಹಿತವೇ ಎಂದು ಕೇಳಿಕೊಳ್ಳುವುದೇ ಗೃಹಸ್ಥಧರ್ಮ.